ಕಾಸರಗೋಡಿನ ಕುಟುಂಬದ ಹಿಂದಿನ ತಲೆಮಾರುಗಳನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ಕಾಸರಗೋಡು ಕಡೆಯ ಕುಟುಂಬಗಳ ಹಿರಿಯರನ್ನು ಹುಡುಕುವವರಿಗೆ ಜನನ ಮರಣದ ದಾಖಲೆಗಿಂತ ಜಾಗದ ದಾಖಲೆಯೇ ಹೆಚ್ಚು ಹಿಂದಕ್ಕೆ ಕೊಂಡೊಯ್ಯುತ್ತದೆ. ಜನನ ಮರಣ ನೋಂದಣಿಗೆ ಈಗಿರುವ ಕೇಂದ್ರ ಕಾನೂನು ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಶಿಶುವಿಗೆ ಇನ್ನೂ ಹೆಸರಿಡದ ಕಾರಣ ತಂದೆಯ ಹೆಸರು ಮತ್ತು ಗಂಡೋ ಹೆಣ್ಣೋ ಎಂಬುದಷ್ಟೇ ಸಿಗುವುದುಂಟು. ಮೇಲಾಗಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಇರುತ್ತಾರೆ. ಅವರಲ್ಲಿ ಯಾರು ಯಾರೆಂದು ತಿಳಿಯುವುದು ಅವರು ಹಿಡಿದಿದ್ದ ಜಾಗದಿಂದ.

ಮನೆಯ ಹಳೆಯ ಪೆಟ್ಟಿಗೆಯಲ್ಲಿರುವ ಆಧಾರ (ಜಾಗದ ಪತ್ರ), ತೀರ್ವೆ (ಭೂಕಂದಾಯ) ರಶೀದಿ, ಗೇಣಿ ಚೀಟು, ಜಾತಕಗಳನ್ನೆಲ್ಲ ಮೊದಲು ಒಟ್ಟುಮಾಡಿ, ಪ್ರತಿಯೊಂದರ ಚಿತ್ರ ತೆಗೆದಿಟ್ಟುಕೊಳ್ಳಿ. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಮಾರಿನ ಹೆಸರು ಬಾಯಲ್ಲೇ ಉಳಿದಿರುತ್ತದೆ. ಹೆಂಗಸರ ತವರುಮನೆ ಯಾವುದೆಂಬುದನ್ನು ಮನೆಯ ಹಿರಿಯ ಅಜ್ಜಿಯಂದಿರಿಂದ ಈಗಲೇ ಕೇಳಿ ಬರೆದುಕೊಳ್ಳಿ, ಏಕೆಂದರೆ ಕಾಗದಗಳಲ್ಲಿ ಅದು ಬಹಳ ಅಪರೂಪವಾಗಿ ಕಾಣಿಸುತ್ತದೆ. ಹೇಳಿದವರು ಯಾರು, ಯಾವಾಗ ಹೇಳಿದರು ಎಂಬುದನ್ನೂ ಪಕ್ಕದಲ್ಲಿ ಗುರುತಿಸಿ.

ಅನಂತರ ಸಬ್ ರಿಜಿಸ್ಟ್ರಾರ್ ಕಚೇರಿ. 1908ರ ನೋಂದಣಿ ಕಾನೂನಿನಂತೆ ಸ್ಥಿರಾಸ್ತಿಯ ಪತ್ರಗಳ ನಕಲು ಒಂದನೇ ಪುಸ್ತಕದಲ್ಲಿ ಇರುತ್ತದೆ; ಅದಕ್ಕೆ ಜನರ ಹೆಸರಿನ ಪ್ರಕಾರ ಒಂದು ಸೂಚಿಯೂ ಜಾಗದ ಪ್ರಕಾರ ಇನ್ನೊಂದು ಸೂಚಿಯೂ ಇರುತ್ತವೆ. ಶುಲ್ಕ ಕಟ್ಟಿದ ಯಾರು ಬೇಕಾದರೂ ಇವನ್ನು ನೋಡಬಹುದು, ನಕಲು ಪಡೆಯಬಹುದು. ಹೆಸರಿನ ಸೂಚಿಯಲ್ಲಿ ಸಿಗದ ಹಿರಿಯರು ಜಾಗದ ಸೂಚಿಯಲ್ಲಿ ಸಿಗುವುದುಂಟು, ಆದ್ದರಿಂದ ಎರಡನ್ನೂ ನೋಡದೆ ಹಿಂತಿರುಗಬೇಡಿ. ಪತ್ರ ಕೈಗೆ ಬಂದಾಗ ಕ್ರಯದ ಮೊತ್ತಕ್ಕಿಂತ ಹೆಚ್ಚಾಗಿ, ಆ ಜಾಗ ಬರೆದುಕೊಟ್ಟವರಿಗೆ ಹೇಗೆ ಬಂತು ಎಂದು ವಿವರಿಸುವ ಸಾಲುಗಳನ್ನು ಓದಬೇಕು. ಅಲ್ಲಿ ಉಲ್ಲೇಖವಾಗಿರುವ ಹಿಂದಿನ ಪತ್ರದ ನಂಬರ್ ಮತ್ತು ವರ್ಷವನ್ನು ಹಿಡಿದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಬಹುದು. ಇವುಗಳಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದು ಪಾಲುಪತ್ರ, ಏಕೆಂದರೆ ಅದರಲ್ಲಿ ಕುಟುಂಬದ ಪಾಲುದಾರರೆಲ್ಲರೂ ಸಂಬಂಧ ಸಹಿತ ನಮೂದಾಗಿರುತ್ತಾರೆ.

ಬಂಟ, ಬಿಲ್ಲವ, ಮೊಗವೀರ ಮೊದಲಾದ ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಈ ಓದಿಗೆ ವಿಶೇಷ ಎಚ್ಚರ ಬೇಕು. ಅಲ್ಲಿ ಆಸ್ತಿ ತಂದೆಯಿಂದ ಮಗನಿಗೆ ಹೋಗದೆ ತಾಯಿಯ ಸಾಲಿನಲ್ಲಿ ಇಳಿಯುತ್ತಿದ್ದುದರಿಂದ, ಯಜಮಾನನಾದ ಮಾವನ ನಂತರ ಸೋದರಳಿಯನ ಹೆಸರು ಬರುತ್ತದೆ, ತಂದೆಯ ಹೆಸರು ಪತ್ರದಲ್ಲಿ ಇಲ್ಲದೆಯೂ ಇರಬಹುದು. ಮುಂದಿನ ಹೆಸರು ಮಗನದೇ ಎಂದು ಊಹಿಸಿದರೆ ವಂಶವೃಕ್ಷ ಒಂದೇ ಏಟಿಗೆ ಬೇರೆ ಕುಟುಂಬಕ್ಕೆ ತಿರುಗುತ್ತದೆ. ಹಾಗಾಗಿ ಇಂತಹ ಮನೆಗಳಿಗೆ ವೃಕ್ಷವನ್ನು ಹಿರಿಯ ತಾಯಿಯಿಂದ ಆರಂಭಿಸಿ, ಅವಳ ಒಬ್ಬೊಬ್ಬ ಮಗಳ ಸಂತತಿಯನ್ನು ಒಂದೊಂದು ಕವರಾಗಿ, ಅಂದರೆ ಕುಟುಂಬದ ಕವಲಾಗಿ, ಬಿಡಿಸಿ ಬರೆಯಬೇಕು. 1949ರ ಮದ್ರಾಸು ಅಳಿಯಸಂತಾನ ಕಾನೂನು ಪಾಲು ಕೇಳುವ ಹಕ್ಕನ್ನು ಕವರುಗಳಿಗೆ ಕೊಟ್ಟದ್ದರಿಂದ, ಆ ಬಳಿಕದ ಪಾಲುಪತ್ರಗಳಲ್ಲಿಯೂ ಕೋರ್ಟಿನ ದಾವೆಗಳಲ್ಲಿಯೂ ಕವರುಗಳ ವಿವರ ಸ್ಪಷ್ಟವಾಗಿರುತ್ತದೆ. ದಾವೆಯ ಅರ್ಜಿಗೆ ಲಗತ್ತಿಸಿದ ವಂಶವೃಕ್ಷವು ಎರಡೂ ಪಕ್ಷಗಳ ಕಣ್ಣಿಗೆ ಬಿದ್ದು ತಕರಾರು ಕಂಡು ನಿಂತದ್ದಾದ್ದರಿಂದ ಮನೆಯಲ್ಲಿ ಕೇಳಿದ ಕಥೆಗಿಂತ ಅದಕ್ಕೆ ತೂಕ ಹೆಚ್ಚು. ಆದರೂ ವಾದಿಯ ವೃಕ್ಷವನ್ನು ಪ್ರತಿವಾದಿಯ ಉತ್ತರದೊಂದಿಗೆ ಸೇರಿಸಿಯೇ ಓದಬೇಕು.

ಗೇಣಿಗೆ ಬೇಸಾಯ ಮಾಡಿಕೊಂಡಿದ್ದ ಮನೆಗಳವರು ತಮಗೆ ದಾಖಲೆಯೇ ಇಲ್ಲವೆಂದು ಕೈಬಿಡಬಾರದು. ಕೇರಳ ಭೂಸುಧಾರಣಾ ಕಾನೂನಿನ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದ ಮೇಲೆ ಲ್ಯಾಂಡ್ ಟ್ರಿಬ್ಯೂನಲ್‌ಗೆ ಗೇಣಿದಾರರು ಕೊಟ್ಟ ಅರ್ಜಿಗಳಲ್ಲಿ, ಗೇಣಿ ಯಾರ ಕಾಲದಿಂದ ನಡೆದುಬಂತು ಎಂಬ ಮಾಹಿತಿಯನ್ನು ಹುಡುಕಬೇಕು. ಆಗ ಗೇಣಿದಾರರಿಗೆ ಸಿಕ್ಕಿದ ಪಟ್ಟೆಯ (ಹಕ್ಕುಪತ್ರದ) ನಂಬರ್ ಕೈಯಲ್ಲಿದ್ದರೆ ಕಡತ ಹುಡುಕುವುದು ಸುಲಭ.

ಹಳೆಯ ಕಾಗದಗಳ ಕಾಲಗಣನೆಯನ್ನು ಇಂಗ್ಲಿಷ್ ವರ್ಷಕ್ಕೆ ತರಲು ಶಕ ವರ್ಷಕ್ಕೆ 78 ಅಥವಾ 79 ಕೂಡಿಸಬೇಕು. ಕಂದಾಯ ಲೆಕ್ಕದ ವರ್ಷವಾದ ಫಸಲಿ ಜುಲೈಯಲ್ಲಿ ಆರಂಭವಾಗುವುದರಿಂದ 590 ಅಥವಾ 591 ಕೂಡಿಸಬೇಕು. ಚಂದ್ರಗಿರಿ ಹೊಳೆಯ ತೆಂಕಣ ಮನೆಗಳ ಕಾಗದಗಳಲ್ಲಿ ಕೊಲ್ಲಂ (ಮಲಯಾಳ) ವರ್ಷ ಕಂಡರೆ 824 ಅಥವಾ 825. ಬರೀ ಸಂವತ್ಸರದ ಹೆಸರಿದ್ದರೆ ಅರುವತ್ತು ವರ್ಷಕ್ಕೊಮ್ಮೆ ಅದೇ ಮರಳುವುದರಿಂದ, ಶಾರ್ವರಿ 1840ರದೋ 1900ರದೋ ಎಂದು ಪತ್ರದ ಇತರ ಹೆಸರುಗಳಿಂದಲೇ ತೀರ್ಮಾನಿಸಬೇಕಾಗುತ್ತದೆ.

ಯಾವ ಕಾಲದ ಕಾಗದ ಯಾವ ಊರಿನ ಕಚೇರಿಯಲ್ಲಿದೆ ಎಂಬುದಕ್ಕೆ ಆಡಳಿತದ ಇತಿಹಾಸ ತಿಳಿದಿರಬೇಕು. ಕಾಸರಗೋಡು ತಾಲೂಕು 1956ರ ನವೆಂಬರ್ 1ರ ತನಕ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕೇರಳಕ್ಕೆ ಸೇರಿದ ಮೇಲೆ ಕಣ್ಣೂರು ಜಿಲ್ಲೆಯ ಭಾಗವಾಗಿ, 1984ರ ಮೇ 24ರಂದು ತಾನೇ ಜಿಲ್ಲೆಯಾಯಿತು. ಆದ್ದರಿಂದ ಹಳೆಯ ಕಂದಾಯ ಕಡತಗಳಿಗೆ ಮಂಗಳೂರಿನಲ್ಲಿಯೂ, ಮದ್ರಾಸು ಸರಕಾರದ ಪತ್ರವ್ಯವಹಾರಕ್ಕೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿಯೂ ವಿಚಾರಿಸಬೇಕು. ಕಾಸರಗೋಡಿನ ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿಯೇ ಅರ್ಜಿ ಬರೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡಿಗರಿಗೆ ಕೊಟ್ಟಿದೆ, ಅದನ್ನು ಬಳಸಿರಿ.

ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕಗಳು, ಎಲ್ಲರಿಗೂ ಹಳೆಯ ಶಾಲೆಗಳ ದಾಖಲಾತಿ ಪುಸ್ತಕ ನೆರವಾಗುತ್ತವೆ. ಶಾಲೆಯ ಜನ್ಮದಿನಾಂಕ ಅಂದಾಜಿನದ್ದಾಗಿರಬಹುದು, ಜಾತಕವಿದ್ದರೆ ಅದಕ್ಕೆ ಹೋಲಿಸಿ. ಎರಡು ದಾಖಲೆಗಳು ಒಪ್ಪದ ಸಂಬಂಧವನ್ನು ವೃಕ್ಷದಲ್ಲಿ ಚುಕ್ಕೆಗೆರೆಯಿಂದ ತೋರಿಸಿ, ಭಿನ್ನತೆ ಏನೆಂದು ಅಡಿಯಲ್ಲಿ ಬರೆದಿಡಿ. ಮುಂದೆ ಹೊಸ ಪತ್ರ ಸಿಕ್ಕಿದವರು ಅಲ್ಲಿಂದಲೇ ಮುಂದುವರಿಸಬಹುದು.