ಆಯುಧಪೂಜೆಗೆ ಮೊದಲು ಕಂಪ್ಯೂಟರಿನ ಮುಚ್ಚಳ ತೆಗೆಯಿರಿ

ಮನೆಯ ಕಂಪ್ಯೂಟರು ಬಳಸಿ ಹಾಳಾಗುವುದು ಕಡಿಮೆ. ಇಡಬಾರದ ಜಾಗದಲ್ಲಿ ಇಟ್ಟು, ಒರೆಸಬಾರದ ರೀತಿಯಲ್ಲಿ ಒರೆಸಿ ಹಾಳು ಮಾಡುವುದೇ ಹೆಚ್ಚು. ನಮ್ಮ ಕರಾವಳಿಯ ಮನೆಗಳಲ್ಲಿ ಅದರ ಪೆಟ್ಟಿಗೆಯನ್ನು ಮೇಜಿನ ಕೆಳಗೆ ನೆಲಕ್ಕೇ ತಾಗಿಸಿ ಇಡುವ ರೂಢಿ. ಕಸ ಗುಡಿಸಿದಾಗ ಏಳುವ ಧೂಳೆಲ್ಲ ಅದರ ಮುಂಬದಿಯ ಕಿಂಡಿಯೊಳಗೆ, ನೆಲ ಒರೆಸಿದ ನೀರೆಲ್ಲ ಅದರ ಬುಡಕ್ಕೆ. ಅಟ್ಟದ ಮೇಲೆ ಹಳೆಯ ಊಟದ ಮಣೆ ಬಿದ್ದಿದ್ದರೆ ತಂದು ಹಾಕಿ, ಅದರ ಮೇಲೆ ಪೆಟ್ಟಿಗೆಯನ್ನು ನಿಲ್ಲಿಸಿ. ಹಿಂಬದಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗವಿರಲಿ, ಬಿಸಿಗಾಳಿ ಹೊರಗೆ ಹೋಗುವುದು ಅಲ್ಲಿಂದಲೇ. ದೇವರ ಕೋಣೆಯ ಪಕ್ಕವೂ ಬೇಡ, ಅಡುಗೆಮನೆಯ ಬಾಗಿಲಿಗೆ ಎದುರೂ ಬೇಡ. ಬರಿಯ ಧೂಳಾದರೆ ಗಾಳಿಗೆ ಹಾರಿ ಹೋಗುತ್ತದೆ. ಊದುಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ಸೇರಿಕೊಂಡ ಧೂಳು ಏನು ಮಾಡಿದರೂ ಸುಲಭಕ್ಕೆ ಬಿಡುವುದಿಲ್ಲ.

ಒಳಗಿನ ಶುಚಿ ವರ್ಷಕ್ಕೊಮ್ಮೆ ಸಾಕು. ಆಯುಧಪೂಜೆಯ ಹಿಂದಿನ ವಾರ ಅದಕ್ಕೆ ಸರಿಯಾದ ಹೊತ್ತು, ಮಳೆಗಾಲದ ತೇವ ಆಗಷ್ಟೇ ಇಳಿಯುತ್ತಿರುತ್ತದೆ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತುಬಿಡಿ. ಆಮೇಲೆ ಕಂಪ್ಯೂಟರಿನ ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತಿನ ಹೆಚ್ಚಿನ ಪಾಲು ಇಳಿದುಹೋಗುತ್ತದೆ. ಪೆಟ್ಟಿಗೆಯನ್ನು ಜಗಲಿಗೆ ಒಯ್ದು ಹಿಂಬದಿಯ ಸ್ಕ್ರೂ ತೆಗೆದು ಪಕ್ಕದ ತಗಡನ್ನು ಸರಿಸಿ. ಕೆಲಸಕ್ಕೆ ಕೈ ಹಾಕುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಿದರೆ ಮೈಯ ಸ್ಥಿರವಿದ್ಯುತ್ತು ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ತಾಗುವುದಿಲ್ಲ.

ಮೊದಲು ನೋಡಬೇಕಾದದ್ದು ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಮುಖ್ಯ ಚಿಪ್, ಅಂದರೆ ಪ್ರೊಸೆಸರಿನ ಮೇಲಿರುವ ಫ್ಯಾನು. ಮೇಲಿನಿಂದ ಕಂಡರೆ ಅದು ಅಷ್ಟೇನೂ ಕೊಳೆಯಾಗಿರುವುದಿಲ್ಲ. ಟಾರ್ಚ್ ಹಿಡಿದು ರೆಕ್ಕೆಗಳ ಸಂದಿಯಿಂದ ಕೆಳಗೆ ಇಣುಕಿ: ಫ್ಯಾನಿಗೂ ಅದರಡಿಯ ಅಲ್ಯೂಮಿನಿಯಂ ಪಟ್ಟಿಗಳಿಗೂ ನಡುವೆ ಧೂಳು ಹಳೆಯ ಹಾಸಿಗೆಯ ಹತ್ತಿಯಂತೆ ಗಟ್ಟಿಯಾಗಿ ಪದರಗಟ್ಟಿರುತ್ತದೆ. ಫ್ಯಾನು ಎಷ್ಟೇ ತಿರುಗಿದರೂ ಗಾಳಿ ಆ ಪದರವನ್ನು ದಾಟುವುದಿಲ್ಲ. ಪ್ರೊಸೆಸರ್ ಬಿಸಿಯೇರಿ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಯಂತ್ರವೇ ಆರಿಹೋಗುತ್ತದೆ. ಮನೆಯವರು ಇದನ್ನು ವೈರಸ್ ಎಂದುಕೊಂಡು ವಿಂಡೋಸ್ ಹೊಸದಾಗಿ ಹಾಕಿಸಿ ಹಣ ತೆರುತ್ತಾರೆ, ಹತ್ತಿ ಮಾತ್ರ ಇದ್ದಲ್ಲೇ ಇರುತ್ತದೆ. ಬಳಸದ, ಒಂದಿಂಚಿನ ಬಣ್ಣದ ಕುಂಚದಿಂದ ಆ ಪದರವನ್ನು ಸಡಿಲಿಸಿ, ಬ್ಲೋವರಿನಿಂದ ಊದಿ. ಊದುವಾಗ ರೆಕ್ಕೆಗಳ ನಡುವೆ ಪೆನ್ಸಿಲ್ ಸಿಕ್ಕಿಸಿ ಫ್ಯಾನು ತಿರುಗದಂತೆ ಹಿಡಿದುಕೊಳ್ಳಬೇಕು. ಗಾಳಿಯ ರಭಸಕ್ಕೆ ಅದು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಸವೆಯುತ್ತದೆ. ಬಾಯಿಯಿಂದ ಊದಬೇಡಿ, ಎಂಜಲಿನ ಹನಿ ಒಳಗೆ ಬೀಳುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯೂ ಬೇಡ, ಅದರಲ್ಲಿ ಸ್ಥಿರವಿದ್ಯುತ್ತು ಹುಟ್ಟುತ್ತದೆ. ಅಲ್ಯೂಮಿನಿಯಂ ಭಾಗವನ್ನು ಉತ್ಸಾಹದಿಂದ ಕಿತ್ತರೆ ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಲೇಬೇಕಾಗುತ್ತದೆ. ಪೇಸ್ಟ್ ಕೈಯಲ್ಲಿಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ.

ವಿದ್ಯುತ್ ತಂತಿ ಬಂದು ಸೇರುವ ತಗಡಿನ ಪೆಟ್ಟಿಗೆ, ಎಸ್‌ಎಂಪಿಎಸ್, ಅದನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಕೂಡದು. ಅದರೊಳಗಿನ, ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹೊರಗಿನ ಜಾಲರಿಯನ್ನು ಕುಂಚದಿಂದ ಗುಡಿಸಿದರೆ ಸಾಕು. ಹಿಂಬದಿಯಲ್ಲಿ ಕಾರ್ಡು ತೆಗೆದ ಜಾಗ ತೆರೆದೇ ಇದ್ದರೆ ಮುಚ್ಚುವ ತಗಡನ್ನು ಹಾಕಿಸಿ. ಬೆಚ್ಚಗಿನ, ಕತ್ತಲೆಯ ಜಾಗ ಹಲ್ಲಿಗೆ ಬಹಳ ಇಷ್ಟ. ಅದು ಒಳಗೆ ಹೊಕ್ಕು ಎರಡು ಕಡೆ ಕಾಲಿಟ್ಟಿತೆಂದರೆ ಅದರ ಜೊತೆಗೆ ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯಾದ ಮದರ್‌ಬೋರ್ಡೂ ಹೋಯಿತು. ಇರುವೆ ಬಂತೆಂದು ಒಳಗೆ ಕೀಟನಾಶಕ ಸಿಂಪಡಿಸುವವರೂ ಇದ್ದಾರೆ. ಇರುವೆಯ ಚಾಕ್‌ಪೀಸನ್ನು ಮೇಜಿನ ಕಾಲಿಗೆ ಸುತ್ತ ಎಳೆಯಿರಿ, ಯಂತ್ರಕ್ಕಲ್ಲ. ಅದಕ್ಕಿಂತ ಮೊದಲು ಕೀಬೋರ್ಡಿನ ಮುಂದೆ ಕುಳಿತು ಚಕ್ಕುಲಿ ತಿನ್ನುವವರನ್ನು ಎಬ್ಬಿಸಿ.

ಆಷಾಢ ಶ್ರಾವಣದಲ್ಲಿ ಕಂಪ್ಯೂಟರನ್ನು ದಿನಗಟ್ಟಲೆ ಮುಟ್ಟದೆ ಬಿಡಬೇಡಿ. ಎರಡು ದಿನಕ್ಕೊಮ್ಮೆ ಒಂದು ಗಂಟೆ ಚಾಲೂ ಇಟ್ಟರೆ ಅದರ ಸ್ವಂತ ಬಿಸಿಗೇ ಒಳಗಿನ ತೇವ ಆರುತ್ತದೆ. ಹಾಗೆ ಮಾಡದ ಮನೆಗಳಲ್ಲಿ ಒಂದು ದಿನ ಗುಂಡಿ ಒತ್ತಿದರೆ ಬೀಪ್ ಬೀಪ್ ಎಂದು ಕೂಗುತ್ತದೆ, ಪರದೆಯಲ್ಲಿ ಏನೂ ಮೂಡುವುದಿಲ್ಲ. ಹೆಚ್ಚಾಗಿ, ಕೆಲಸದ ಹೊತ್ತಿನ ನೆನಪನ್ನು ಇಟ್ಟುಕೊಳ್ಳುವ ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚು ಮಬ್ಬಾಗಿರುತ್ತದೆ. ಎರಡೂ ತುದಿಯ ಕೊಂಡಿ ಬಿಡಿಸಿ ಪಟ್ಟಿಯನ್ನು ಹೊರತೆಗೆದು, ಆ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಅದು ಸಿಗದಿದ್ದರೆ ಮಕ್ಕಳ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಕೊಡವಿ, ಕಟಕ್ಕೆಂದು ಕೂರುವಂತೆ ಒತ್ತಿ. ರಿಪೇರಿಯವರು ಮನೆಗೆ ಬಂದು ಶುಲ್ಕ ಪಡೆದು ಮಾಡುವುದೂ ಬಹಳ ಸಲ ಇದನ್ನೇ. ಇನ್ನು ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಹೊದಿಕೆ ಹಾಕುವ ಅಭ್ಯಾಸವನ್ನು ಬಿಡಿ, ಒಳಗೆ ಬೆವರುತ್ತದೆ. ತಣಿದ ಮೇಲೆ ಹಳೆಯ ಹತ್ತಿ ಪಂಚೆಯ ತುಂಡು ಹೊದಿಸಿ.

ಪರದೆಗೆ ಗಾಜು ಒರೆಸುವ ದ್ರವ ಬೇಡ. ಅಂಥವುಗಳಲ್ಲಿ ಅಮೋನಿಯಾವೋ ಆಲ್ಕೋಹಾಲೋ ಇದ್ದರೆ ಎಲ್‌ಸಿಡಿಯ ಮೇಲಿನ ಲೇಪ ಕಿತ್ತು ಕಲೆಯಾಗುತ್ತದೆ. ಬೋರ್‌ವೆಲ್ ನೀರು ಒಣಗಿದರೆ ಬಿಳಿ ಚುಕ್ಕೆ ಉಳಿಸುತ್ತದೆ. ಇನ್ವರ್ಟರಿಗೆಂದು ತಂದ ಡಿಸ್ಟಿಲ್ಡ್ ವಾಟರ್ ಮನೆಯಲ್ಲಿದ್ದರೆ ಹೊಸ ಬಾಟಲಿಯಿಂದ ನಾಲ್ಕು ಹನಿಯನ್ನು ಕನ್ನಡಕ ಒರೆಸುವ ಬಟ್ಟೆಗೆ ಹಾಕಿಕೊಳ್ಳಿ, ಪರದೆಯ ಮೇಲೆ ನೇರವಾಗಿ ಚಿಮುಕಿಸಬೇಡಿ. ಅಂಚಿನಿಂದ ಇಳಿದ ನೀರು ಒಳಗಿನ ಸರ್ಕ್ಯೂಟಿಗೆ ಹೋಗುತ್ತದೆ. ಆಯುಧಪೂಜೆಯಂದು ಪರದೆಗೆ ಕುಂಕುಮದ ಬೊಟ್ಟು ಇಡುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಪೆಟ್ಟಿಗೆಯ ನೆತ್ತಿಯಲ್ಲಿ ಕಿಂಡಿಯಿಲ್ಲದ ಕಡೆ ಗಂಧ ಇಡಿ, ಹೂವಿನ ನೀರು ಕೊಡವಿ ಏರಿಸಿ. ದೇವರು ಅದಕ್ಕೆ ಮುನಿಯುವುದಿಲ್ಲ.

ಕೀಬೋರ್ಡನ್ನು ಬಿಡಿಸಿ ಮಗುಚಿ ಹಿಂದಿನಿಂದ ತಟ್ಟಿದರೆ ಏನೇನು ಉದುರುತ್ತದೆ ಎನ್ನುವುದನ್ನು ಒಮ್ಮೆ ನೋಡಿ. ಕೀಲಿಗಳನ್ನು ಕಿತ್ತು ತೊಳೆಯುವುದಾದರೆ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಉಗುರು ಬೆಚ್ಚಗಿನ ಸಾಬೂನು ನೀರು, ಒಂದು ಹಗಲಿನ ನೆರಳು ಸಾಕು. ಕನ್ನಡ ಅಕ್ಷರದ ಸ್ಟಿಕ್ಕರ್ ಎದ್ದುಹೋಗಿ ಅಂಟು ಉಳಿದಿದ್ದರೆ, ಕಿತ್ತಿಟ್ಟ ಕೀಲಿಗೆ ತೆಂಗಿನೆಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಆಮೇಲೆ ಸಾಬೂನು. ಲ್ಯಾಪ್‌ಟಾಪಿನ ಕೀಲಿಗಳಿಗೆ ಈ ಪ್ರಯೋಗ ಬೇಡ, ಅವುಗಳ ಕೊಂಡಿ ಮುರಿಯುತ್ತದೆ. ಲ್ಯಾಪ್‌ಟಾಪಿನ ಮೇಲೆ ಚಹಾ ಚೆಲ್ಲಿದರೆ ಕೂಡಲೇ ಆರಿಸಿ, ಚಾರ್ಜರ್ ಕಿತ್ತು, ಮಗುಚಿಟ್ಟು ಅಂಗಡಿಗೆ ಒಯ್ಯಿರಿ. ಅಕ್ಕಿ ಡಬ್ಬದಲ್ಲಿ ಹೂಳಿಟ್ಟರೆ ಒಳಗೆ ಅಕ್ಕಿಯ ಪುಡಿ ಸೇರುತ್ತದೆಯೇ ಹೊರತು ಚಹಾ ಹೊರಗೆ ಬರುವುದಿಲ್ಲ. ಮೌಸಿನ ವಿಚಾರ ಈಗ ಸಣ್ಣದು. ಗುಂಡು ಇರುವ ಮೌಸಿನ ಕಾಲದಲ್ಲಿ ಅದರ ಉರುಳೆಗಳಿಂದ ಕೊಳೆಯನ್ನು ಉಗುರಿನಲ್ಲಿ ಕೆರೆಯುತ್ತಿದ್ದೆವು. ಈಗ ಅಡಿಯ ಬೆಳಕಿನ ಕಿಂಡಿಯನ್ನು ಹತ್ತಿಕಡ್ಡಿಯಿಂದ ಒರೆಸಿದರೆ ಮುಗಿಯಿತು. ವೈರ್‌ಲೆಸ್ ಆಗಿದ್ದರೆ ಊರಿಗೆ ಹೋಗುವಾಗ ಸೆಲ್ ತೆಗೆದಿಡಿ.

ಇಂಕ್‌ಜೆಟ್ ಪ್ರಿಂಟರಿಗೆ ವಾರಕ್ಕೊಂದು ಬಣ್ಣದ ಪುಟದ ಕೆಲಸ ಕೊಡಿ, ಇಲ್ಲದಿದ್ದರೆ ಶಾಯಿ ಮೂತಿಯಲ್ಲೇ ಒಣಗುತ್ತದೆ. ಅದನ್ನು ಆರಿಸಬೇಕಾದದ್ದು ಅದರದೇ ಗುಂಡಿಯಿಂದ, ಆಗ ಮೂತಿ ತನ್ನ ರಬ್ಬರ್ ಮುಚ್ಚಳದ ಮೇಲೆ ಹೋಗಿ ಕೂರುತ್ತದೆ. ಲೇಸರ್ ಪ್ರಿಂಟರಿನ ಟೋನರ್ ಪುಡಿ ಚೆಲ್ಲಿದರೆ ತಣ್ಣೀರಿನ ಬಟ್ಟೆಯೇ ಆಗಬೇಕು, ಬಿಸಿನೀರಿಗೆ ಅದು ಕರಗಿ ಕಚ್ಚಿಕೊಳ್ಳುತ್ತದೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಲೇಬೇಡಿ, ಅದರ ಹೀಟರ್ ಒಮ್ಮೆಗೇ ಎಳೆಯುವ ವಿದ್ಯುತ್ತನ್ನು ಮನೆಯ ಯುಪಿಎಸ್ ತಾಳುವುದಿಲ್ಲ.

ಪೆಟ್ಟಿಗೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಕಂಪ್ಯೂಟರನ್ನು ಬೈಯಬೇಡಿ, ಮನೆಯ ಅರ್ತಿಂಗ್ ನೋಡಿಸಿ. ಬೇಸಿಗೆಯಲ್ಲಿ ನೆಲದಲ್ಲಿನ ಅರ್ತಿಂಗ್ ಹೊಂಡ ಒಣಗಿದರೂ ಹೀಗಾಗುತ್ತದೆ, ನಾಲ್ಕು ಕೊಡ ನೀರು ಹೊಯ್ದರೆ ತಾತ್ಕಾಲಿಕ ಪರಿಹಾರ. ಗುಡುಗು ಕೇಳಿಸತೊಡಗಿದ ಕೂಡಲೇ ಪ್ಲಗ್ ಜೊತೆ ಇಂಟರ್‌ನೆಟ್ಟಿನ ತಂತಿಯನ್ನೂ ಕೀಳಿ. ನೆತ್ತಿಯ ಮೇಲೆ ಸಿಡಿಲು ಬಡಿಯುವಾಗ ಅದಕ್ಕೆ ಕೈ ಹಾಕಬೇಡಿ. ಸ್ವಿಚ್ ಆರಿಸಿದ ಮಾತ್ರಕ್ಕೆ ಸಿಡಿಲು ನಿಲ್ಲುವುದಿಲ್ಲ. ಸಣ್ಣ ಯುಪಿಎಸ್‌ಗಳ ಒಳಗಿರುವ 12 ವೋಲ್ಟಿನ ಬ್ಯಾಟರಿ ಮೂರು ವರ್ಷ ಬಂದರೆ ಪುಣ್ಯ. ಅದು ಉಬ್ಬಿದ್ದರೆ ಕಸಕ್ಕೆ ಹಾಕದೆ ಬ್ಯಾಟರಿ ಅಂಗಡಿಗೆ ಕೊಡಿ, ಸೀಸದ ಬೆಲೆ ಕಳೆದು ಹೊಸದನ್ನು ಕೊಡುವವರಿದ್ದಾರೆ.

ಕಂಪ್ಯೂಟರಿನ ಗಡಿಯಾರ ಪ್ರತಿ ಸಲವೂ ಹಳೆಯ ವರ್ಷಕ್ಕೆ ಜಿಗಿಯುತ್ತಿದ್ದರೆ, ಆ ತಪ್ಪು ತಾರೀಖಿನಿಂದ ಬ್ಯಾಂಕಿನ ಪುಟ ಸುರಕ್ಷಿತವಲ್ಲವೆಂದು ಹಟ ಹಿಡಿದರೆ, ಗಾಬರಿಯಾಗಬೇಡಿ. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿದೆ. ಅದರ ಹೆಸರು ಸಿಆರ್2032, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪಕ್ಕದ ಸಣ್ಣ ಕೊಂಡಿ ಒತ್ತಿದರೆ ಹಳೆಯದು ತಾನಾಗಿ ಏಳುತ್ತದೆ. ಹೊಸದನ್ನು ಬರಹವಿರುವ ಮುಖ ಹೊರಕ್ಕೆ ಕಾಣುವಂತೆ ಕೂರಿಸಿ, ತಾರೀಖು ಸರಿಪಡಿಸಿ.