ಪದ್ಮಿನಿಯ ರೇಡಿಯೊ: ದೋಷ ಸೆಟ್‌ನಲ್ಲಿರಲಿಲ್ಲ

ಬ್ರೇಕ್ ತುಳಿದರೆ ರೇಡಿಯೊ ಆರಿಹೋಗುತ್ತಿತ್ತು, ಕಾಲು ತೆಗೆದರೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಬೆಂಗಳೂರಿನ ಸಂಚಾರದಲ್ಲಿ ಒಂದು ಹಾಡಿನ ಪಲ್ಲವಿ ಪೂರ್ತಿ ಕೇಳುವ ಯೋಗವೂ ನನ್ನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿಗೆ ಇರಲಿಲ್ಲ. ಜೊತೆಗೆ ಎಂಜಿನ್ ಚಾಲೂ ಆದೊಡನೆ ಟಿಕ್ ಟಿಕ್ ಸದ್ದು, ವೇಗ ಏರಿದಂತೆ ಏರುವ ಒಂದು ಕುಯ್‌ಗುಟ್ಟುವಿಕೆ, ಧ್ವನಿ ಸ್ವಲ್ಪ ಜೋರು ಮಾಡಿದರೆ ಕರಕರ. ಕೀಲಿ ತೆಗೆದರೆ ಹುಡುಕಿಟ್ಟ ಸ್ಟೇಷನ್‌ಗಳೆಲ್ಲ ಅಳಿಸಿಹೋಗುತ್ತಿದ್ದವು. ತೋರಿಸಿದ ಎಲೆಕ್ಟ್ರಿಷಿಯನ್ನರೆಲ್ಲರದೂ ಒಂದೇ ಮಾತು: “ಸೆಟ್ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ.”

ಹೊಸದಕ್ಕೆ ದುಡ್ಡು ಹಾಕುವ ಮೊದಲು ಹಳೆಯದನ್ನು ಹೊರಗೆ ತೆಗೆದು ನೋಡಬೇಕು. ಸೆಟ್ಟನ್ನು ಬಿಚ್ಚಿ ಮನೆಯ ಮೇಜಿನ ಮೇಲಿಟ್ಟು, ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಯೊಂದಕ್ಕೂ ಒಂದು ಬಿಡಿ ಸ್ಪೀಕರಿಗೂ ಜೋಡಿಸಿದೆ. ಆಂಟೆನಾ ಸಾಕೆಟ್‌ಗೆ ಒಂದು ಗಜ ತಂತಿ ಸಿಕ್ಕಿಸಿದೆ. ವಿವಿಧಭಾರತಿ 102.9ರಲ್ಲಿ ಸ್ವಚ್ಛವಾಗಿ ಬಂತು. ಅಲ್ಲಿಗೆ ಸೆಟ್ ನಿರಪರಾಧಿ.

ಡ್ಯಾಶ್‌ಬೋರ್ಡಿನ ಹಿಂದೆ ಕೈಹಾಕಿದಾಗ ಸಿಕ್ಕಿದ್ದು ಹಲವು ಮಾಲೀಕರ ಇತಿಹಾಸ. ಮೊದಲೊಂದು ಕಾಲದ ಒಂಟಿ ಸ್ಪೀಕರ್ ರೇಡಿಯೊದ ತಂತಿಗಳು, ಅವುಗಳ ಮೇಲೆ ಕ್ಯಾಸೆಟ್ ಪ್ಲೇಯರ್‌ನವು, ಅದರ ಮೇಲೆ ಈಗಿನ ಸೆಟ್‌ನವು. ಎಲ್ಲವನ್ನೂ ತಿರುಚಿ ಟೇಪು ಸುತ್ತಿದ್ದರು. ಬಿಸಿಲಿಗೆ ಅಂಟು ಕರಗಿ ಟೇಪು ಬೆರಳಿಗೆ ಕಪ್ಪಾಗಿ ಮೆತ್ತುತ್ತಿತ್ತು. ಒಳಗಿನ ತಾಮ್ರ ಕಿಲುಬು ಹಿಡಿದು ಹಸಿರಾಗಿತ್ತು. ಇಂಥ ಕಡೆ ಕೈಹಾಕುವ ಮುನ್ನ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿಡಿ. ಪದ್ಮಿನಿಯಲ್ಲಿ ಕಾರಿನ ಲೋಹದ ಮೈಗೆ, ಅಂದರೆ ‘ಬಾಡಿ’ಗೆ, ಸೇರಿರುವುದು ಮೈನಸ್. ಅರವತ್ತರ ದಶಕದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ಸೇ ಬಾಡಿಗೆ ಸೇರಿರುತ್ತದೆ. ಅಂಥ ಕಾರಿಗೆ ಈಗಿನ ಸೆಟ್ಟನ್ನು ಹಾಗೆಯೇ ಜೋಡಿಸಿದರೆ ಹೊಗೆ ಬರುವುದು ಖಂಡಿತ.

ಈಗ ಅಳತೆಯ ಮಾತು. ಮೆಕ್ಯಾನಿಕ್‌ಗಳು ಮಲ್ಟಿಮೀಟರ್ ಹಿಡಿದು “ಹನ್ನೆರಡು ಬರುತ್ತಿದೆಯಲ್ಲ” ಎನ್ನುವುದನ್ನು ನೀವೂ ಕೇಳಿರುತ್ತೀರಿ. ಡಿಜಿಟಲ್ ಮೀಟರ್ ಎಳೆದುಕೊಳ್ಳುವ ಕರೆಂಟು ಲೆಕ್ಕಕ್ಕೇ ಇಲ್ಲ. ತಂತಿಯ ಒಂದೇ ಎಳೆ ಉಳಿದಿದ್ದರೂ, ಜೋಡಣೆ ಪೂರ್ತಿ ಕಿಲುಬಾಗಿದ್ದರೂ ಅದು ಹನ್ನೆರಡನ್ನೇ ತೋರಿಸುತ್ತದೆ. ಹೊರೆ ಬಿದ್ದಾಗ, ಅಂದರೆ ಕರೆಂಟು ನಿಜವಾಗಿ ಹರಿಯುವಾಗ, ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ. ಆದ್ದರಿಂದ ಸೆಟ್ ಓಡುತ್ತಿರುವಾಗಲೇ ಅದರ ಹಿಂದಿನ ಪ್ಲಗ್‌ನಲ್ಲಿ ಅಳೆಯಬೇಕು. ಅಳೆದೆ: ಬ್ರೇಕ್ ಬಿಟ್ಟಾಗ ಹನ್ನೊಂದೂವರೆ ದಾಟಿತ್ತು, ಬ್ರೇಕ್ ತುಳಿದಾಗ 9.8. ಹತ್ತರ ಕೆಳಗೆ ನನ್ನ ಸೆಟ್ ತಾನಾಗಿ ಆರುತ್ತದೆ. ಬ್ಯಾಟರಿಯ ಮೇಲೆ ಆಗಲೂ 12.3 ಇತ್ತು. ಎರಡೂವರೆ ವೋಲ್ಟ್ ದಾರಿಯಲ್ಲೇ ಎಲ್ಲೋ ಸೋರುತ್ತಿತ್ತು.

ಹುಡುಕುವ ವಿಧಾನ ಸರಳ. ಹೊರೆ ಇರುವಾಗ ಮೀಟರಿನ ಎರಡು ಮೊನೆಗಳನ್ನು ಒಂದೊಂದು ಜೋಡಣೆಯ ಆಚೆ ಈಚೆ ಇಡುತ್ತಾ ಹೋಗುವುದು. ಒಳ್ಳೆಯ ಜೋಡಣೆ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಫ್ಯೂಸ್ ಪೆಟ್ಟಿಗೆಯಲ್ಲಿ ಒಂದು ಫ್ಯೂಸಿನ ಎರಡು ತುದಿಗಳ ನಡುವೆ ಎರಡು ವೋಲ್ಟ್ ಸಿಕ್ಕಿತು. ಪದ್ಮಿನಿಯಂಥ ಫಿಯೆಟ್ ಮನೆತನದ ಕಾರುಗಳಲ್ಲಿ ಪಿಂಗಾಣಿ ದೇಹದ, ಎರಡೂ ತುದಿ ಚೂಪಾದ 8 ಆಂಪಿಯರ್ ಫ್ಯೂಸ್‌ಗಳಿರುತ್ತವೆ. ತುದಿಗಳನ್ನು ಹಿಡಿಯುವ ಹಿತ್ತಾಳೆಯ ಕಿವಿಗಳು ಸಡಿಲಗೊಂಡು ಕಪ್ಪಾಗುತ್ತವೆ. ಹಿಂದಿನ ಯಾರೋ ಪುಣ್ಯಾತ್ಮರು ರೇಡಿಯೊದ ಕೆಂಪು, ಹಳದಿ ತಂತಿಗಳೆರಡನ್ನೂ ಒಟ್ಟಿಗೆ ತಿರುಚಿ ಬ್ರೇಕ್ ದೀಪದ ಫ್ಯೂಸಿಗೇ ಸೇರಿಸಿದ್ದರು. 21 ವಾಟ್‌ನ ಎರಡು ಬ್ರೇಕ್ ಬಲ್ಬ್‌ಗಳು ಮೂರೂವರೆ ಆಂಪಿಯರ್ ಎಳೆಯುತ್ತವೆ, ರೇಡಿಯೊ ಇನ್ನರ್ಧ. ಆ ಕಪ್ಪುಕಿವಿಯಲ್ಲಿ ಅರ್ಧ ಓಮ್ ರೋಧವಿದ್ದರೆ ಸಾಕು, ನಾಲ್ಕು ಆಂಪಿಯರಿಗೆ ಎರಡು ವೋಲ್ಟ್ ಅಲ್ಲೇ ಮುಗಿಯಿತು. ಸ್ಟೇಷನ್ ನೆನಪು ಹೋಗುತ್ತಿದ್ದುದರ ಗುಟ್ಟೂ ಇದೇ: ಕೀಲಿ ತೆಗೆದರೆ ಆ ಫ್ಯೂಸಿಗೆ ಕರೆಂಟಿಲ್ಲ. ಹಳದಿ ತಂತಿ ಸೆಟ್‌ನ ನೆನಪನ್ನು ಕಾಯುವುದು, ಅದಕ್ಕೆ ಸದಾ ವಿದ್ಯುತ್ ಬೇಕು. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ.

ಉಳಿದ ಅರ್ಧ ವೋಲ್ಟ್ ಅರ್ಥಿಂಗ್ ಕಡೆಯಲ್ಲಿ, ಅಂದರೆ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಹಿಂತಿರುಗುವ ದಾರಿಯಲ್ಲಿತ್ತು. ಇದು ನನಗೆ ಇಡೀ ಕೆಲಸದಲ್ಲೇ ಅತ್ಯಂತ ಇಷ್ಟವಾದ ಪತ್ತೆ. ಸೆಟ್ ಓಡುತ್ತಿರುವಾಗ ಹಿಂದಿನಿಂದ ಆಂಟೆನಾ ಪ್ಲಗ್ ಎಳೆದೆ. ಸ್ಟೇಷನ್ ಹೋಗಬೇಕಿತ್ತು, ಸರಿ. ಆದರೆ ಪರದೆಯ ದೀಪವೇ ಆರಿಹೋಯಿತು. ಪ್ಲಗ್ಗಿನ ಹೊರಬಳೆಯನ್ನು ಸೆಟ್ಟಿನ ಕವಚಕ್ಕೆ ತಾಗಿಸಿದರೆ ಮತ್ತೆ ಬೆಳಕು. ಅಂದರೆ ಸೆಟ್ ಹಿಂತಿರುಗುವ ಕರೆಂಟನ್ನೆಲ್ಲ ಆಂಟೆನಾ ಕೇಬಲ್ಲಿನ ಜಾಲರಿಯ ಮೂಲಕ ಮಡ್‌ಗಾರ್ಡಿಗೆ ಕಳಿಸುತ್ತಿತ್ತು! ಸೆಟ್ಟಿನ ಅರ್ಥಿಂಗ್‌ನ ಕಪ್ಪು ತಂತಿ ಎಲ್ಲಿಗೆ ಹೋಗಿದೆ ಎಂದು ಹಿಡಿದು ನಡೆದರೆ, ಬಣ್ಣ ಬಳಿದ ತಗಡಿನ ಮೇಲೆ ಒಂದು ತಗಡು ತಿರುಪು; ಬಣ್ಣ ಒಂದಿಷ್ಟೂ ಕೆರೆದಿರಲಿಲ್ಲ. ನಿಮ್ಮ ಹಳೆಯ ಕಾರಿನ ರೇಡಿಯೊ ಚೇಷ್ಟೆ ಮಾಡುತ್ತಿದ್ದರೆ ಮೊದಲು ಈ ಪರೀಕ್ಷೆ ಮಾಡಿ. ಖರ್ಚಿಲ್ಲ, ಮೀಟರೂ ಬೇಡ.

ದುರಸ್ತಿಗೆ ಬೇಕಾದ ಸಾಮಾನು ಜೆ.ಸಿ. ರಸ್ತೆಯಲ್ಲೂ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ. ಬ್ಯಾಟರಿಯಿಂದ ನೇರ ಒಂದೂವರೆ ಚದರ ಮಿಲಿಮೀಟರ್ ತಂತಿ, ಬ್ಯಾಟರಿಯಿಂದ ಗೇಣು ದೂರದೊಳಗೇ ಒಂದು ಫ್ಯೂಸ್, ತಂತಿ ತಗಡನ್ನು ದಾಟುವಲ್ಲಿ ರಬ್ಬರ್ ಬಳೆ. ಇದು ಹಳದಿಗೆ. ಕೀಲಿಯ ಸ್ವಿಚ್‌ನಿಂದ ಬೇರೊಂದು ತಂತಿ ಕೆಂಪಿಗೆ. ಸ್ಪಾರ್ಕ್ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ನ ತಂತಿಗೆ ಮಾತ್ರ ಹೊಂದಿಸಬೇಡಿ, ಕಾಯಿಲ್‌ನ ಗಲಾಟೆಯನ್ನೆಲ್ಲ ಮನೆಗೆ ಕರೆದಂತಾಗುತ್ತದೆ. ಕಪ್ಪು ತಂತಿಗೆ ಉಂಗುರದ ಲಗ್ ಹಾಕಿ, ತಗಡನ್ನು ಹೊಳೆಯುವವರೆಗೆ ಉಜ್ಜಿ, ಹಲ್ಲು ವಾಷರ್ ಇಟ್ಟು ಬಿಗಿದು ಮೇಲೆ ವ್ಯಾಸಲೀನ್ ಸವರಿದೆ. ಫ್ಯೂಸ್ ಪೆಟ್ಟಿಗೆಯ ಕಿವಿಗಳನ್ನು ಮರಳು ಕಾಗದದಲ್ಲಿ ಉಜ್ಜಿ ಸ್ವಲ್ಪ ಒಳಕ್ಕೆ ಬಗ್ಗಿಸಿದೆ. ಹೊಸ ತಂತಿಗೆ ಮೊದಲ ಸಲ ಕರೆಂಟು ಕೊಡುವಾಗ ಫ್ಯೂಸಿನ ಜಾಗದಲ್ಲಿ 21 ವಾಟ್ ಬಲ್ಬ್ ಇಡುವುದು ನನ್ನ ರೂಢಿ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಧಗ್ಗನೆ ಉರಿಯುತ್ತದೆ, ತಂತಿ ಬಚಾವಾಗುತ್ತದೆ. ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತಿದ ಫ್ಯೂಸ್‌ಗಳನ್ನು ನಾನು ನೋಡಿದ್ದೇನೆ. ಅವರ ಧೈರ್ಯಕ್ಕೆ ನಮಸ್ಕಾರ.

ಬ್ರೇಕ್ ತುಳಿದರೂ ಹಾಡು ನಿಲ್ಲಲಿಲ್ಲ. ಕರಕರ ಹಾಗೆಯೇ ಉಳಿಯಿತು, ಸೆಟ್‌ನ ಹಿಂಬದಿ ಮುಟ್ಟಲಾರದಷ್ಟು ಬಿಸಿ. ಹಳೆಯ ರೇಡಿಯೊಗಳಲ್ಲಿ ಸ್ಪೀಕರಿನ ಒಂದು ತುದಿಯನ್ನು ಬಾಡಿಗೆ ಸೇರಿಸುವುದು ವಾಡಿಕೆಯಾಗಿತ್ತು. ಈಗಿನ ಸೆಟ್‌ಗಳಲ್ಲಿ ಸ್ಪೀಕರಿನ ಎರಡು ತಂತಿಗಳೂ ಜೀವಂತ. ಸದ್ದಿಲ್ಲದಾಗಲೂ ಎರಡರಲ್ಲೂ ಸುಮಾರು ಆರು ವೋಲ್ಟ್ ನಿಂತಿರುತ್ತದೆ. ಒಂದನ್ನು ಬಾಡಿಗೆ ಕಟ್ಟಿದರೆ ಒಳಗಿನ ಐಸಿ (ಧ್ವನಿ ವರ್ಧಿಸುವ ಚಿಪ್) ಬೇಯುತ್ತದೆ. ಸ್ಪೀಕರ್ ತಂತಿಗಳನ್ನು ಸೆಟ್‌ನಿಂದ ಬಿಚ್ಚಿ ಓಮ್ ಅಳೆದೆ. ತಂತಿಯಿಂದ ತಂತಿಗೆ ಮೂರೂವರೆಯ ಆಸುಪಾಸು, 4 ಓಮ್ ಸ್ಪೀಕರಿಗೆ ಸರಿಯೇ. ತಂತಿಯಿಂದ ಬಾಡಿಗೆ ಏನೂ ತೋರಿಸಬಾರದು. ನನ್ನ ಎಡಗಡೆಯದು ಸೊನ್ನೆ ತೋರಿಸಿತು. ಎರಡು ಸ್ಪೀಕರಿಗೂ ಹೊಸ ಜೋಡಿ ತಂತಿ ಎಳೆದೆ. ಪ್ಲಸ್ ಯಾವುದೆಂದು ತಿಳಿಯಲು ಒಂದು ಪೆನ್ಸಿಲ್ ಸೆಲ್ ತಾಗಿಸಿದರಾಯಿತು. ‘ಟಪ್’ ಎಂದು ಕೋನ್ ಹೊರಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಪ್ಲಸ್.

ಇನ್ನು ಟಿಕ್ ಟಿಕ್ ಮತ್ತು ಕುಯ್ ಸದ್ದು. ಎಫ್‌ಎಂನಲ್ಲಿ ಅಷ್ಟಾಗಿ ಕೇಳದಿದ್ದರೂ ಮಧ್ಯಮ ತರಂಗದ 612 ಕಿಲೊಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಗೆ ಹೋದರೆ ಟಿಕ್ ಟಿಕ್ ಎದ್ದುಬರುತ್ತಿತ್ತು. ಆಂಟೆನಾ ಎಳೆದರೆ ಟಿಕ್ ನಿಂತಿತು, ಕುಯ್ ನಿಲ್ಲಲಿಲ್ಲ. ಟಿಕ್ ಗಾಳಿಯಲ್ಲಿ ಬರುವ ಸ್ಪಾರ್ಕಿನದು, ಕುಯ್ ತಂತಿಯಲ್ಲೇ ಬರುವ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಮೊದಲನೆಯದಕ್ಕೆ 5 ಕಿಲೊಓಮ್ ರೋಧವಿರುವ ಪ್ಲಗ್ ಕ್ಯಾಪ್‌ಗಳನ್ನು ಹಾಕಿ, ಕಾಯಿಲ್‌ನ ಪ್ಲಸ್ ತುದಿಗೆ 2.2 ಮೈಕ್ರೊಫ್ಯಾರಡ್ ಕಂಡೆನ್ಸರ್ ಸೇರಿಸಿದೆ. ಸ್ಪಾರ್ಕಿಗಾಗಿ ಕಾಯಿಲ್‌ನ ಕರೆಂಟು ಕಡಿದು ಕೂಡಿಸುವ ಸಿಬಿ ಪಾಯಿಂಟ್ ಕಡೆಯ ತುದಿಗೆ ಇದನ್ನು ಸೇರಿಸಿದರೆ ಸ್ಪಾರ್ಕ್ ಸೊರಗಿ ಎಂಜಿನ್ನೇ ಮುನಿಯುತ್ತದೆ. ಕುಯ್‌ಗೆ ಹಳದಿ ತಂತಿಯಲ್ಲಿ ಸದ್ದು ಸೋಸುವ ಒಂದು ಚೋಕ್ ಫಿಲ್ಟರ್ ಸಾಕಾಯಿತು.

ವೈಪರ್ ಮೋಟಾರಿನ ಬ್ರಷ್ ಸದ್ದು ಮಾತ್ರ ಮಧ್ಯಮ ತರಂಗದಲ್ಲಿ ಈಗಲೂ ಉಳಿದಿದೆ. ಅದಕ್ಕಾಗಿ ಮೋಟಾರು ಬಿಚ್ಚುವ ಉತ್ಸಾಹ ನನಗಿಲ್ಲ. ಮಳೆ ಬಂದರೆ ಎಫ್‌ಎಂಗೆ ಹೋಗುತ್ತೇನೆ.