ನಿಮ್ಮ ಕತೆಯನ್ನು ಪಕ್ಕದವರ ಕೈಗೆ ಕೊಡಿ
ಕತೆ ಬರೆಯುವವರ ತಿಂಗಳ ಸಭೆಯಲ್ಲಿ ನಿಮ್ಮ ಕತೆಯನ್ನು ನೀವೇ ಓದಬೇಡಿ. ಅದನ್ನು ಮೊದಲ ಸಲ ನೋಡುತ್ತಿರುವ ಯಾರಿಗಾದರೂ ಓದಲು ಕೊಟ್ಟು, ಇನ್ನೊಂದು ಪ್ರತಿ ಹಿಡಿದು ಸುಮ್ನೆ ಕೂರಿ. ಅವರು ತಡವರಿಸಿದ ಕಡೆ, ಹಿಂದೆ ಹೋಗಿ ಮತ್ತೆ ಓದಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಾವೇ ಓದುವಾಗ ಬಿಟ್ಟುಹೋದ ಅಲ್ಪವಿರಾಮವನ್ನೂ ದನಿಯಲ್ಲೇ ತುಂಬಿಬಿಡುತ್ತೇವೆ, ಅಲ್ವಾ? ಬೇರೆಯವರಿಗೆ ಹಾಳೆಯಲ್ಲಿ ಇದ್ದಷ್ಟೇ ಸಿಗುತ್ತದೆ. ‘ಅವನು’ ಅಂದರೆ ಯಾರು ಅಂತ ಗೊತ್ತಾಗದ ಸಾಲು ಅಲ್ಲೇ ಸಿಕ್ಕಿಬೀಳುತ್ತದೆ. ‘ಚೆನ್ನಾಗಿದೆ’ ಅನ್ನುವ ಮಾತಿಗಿಂತ ಈ ಗೆರೆಗಳೇ ಜಾಸ್ತಿ ಉಪಯೋಗ. ಆಡುಮಾತಿನ ಕತೆಗೆ ಮಾತ್ರ ಇದು ನಡೆಯದು. ಧಾರವಾಡದ ಮಾತನ್ನು ಮಂಗಳೂರಿನವರು ಓದಿ ತಡವರಿಸಿದರೆ ಅದು ಬರಹದ ತಪ್ಪಲ್ಲ. ನಾಟಕ ಮಾಡಿ ಪಳಗಿದವರಿಗಂತೂ ಕೊಡಲೇಬೇಡಿ. ಸಪ್ಪೆ ಸಾಲನ್ನೂ ದನಿಯಲ್ಲೇ ಗೆಲ್ಲಿಸಿಬಿಡುತ್ತಾರೆ.